ಗೌಡರ ಜೇನು ಹರಳುಗಟ್ಟಿದ ವರ್ಷ

ನಮ್ಮ ಮನೆಗೆ ಬರುವ ಯಾವ ವಸ್ತುವೂ ನನ್ನ ಬೆರಳು ತಾಗದೆ ಅಡುಗೆಮನೆ ಸೇರುವುದಿಲ್ಲ. ಹಾಲು ಬಂದರೆ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು, ಅದು ನಿಲ್ಲುತ್ತದೋ ಜಾರುತ್ತದೋ ಎಂದು ನೋಡುತ್ತೇನೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಕುಲುಕುತ್ತೇನೆ. ಮೊಟ್ಟೆಯನ್ನು ನೀರಿಗೆ ಬಿಡುತ್ತೇನೆ. ಅರಶಿನ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ಬೆಳಕಿಗೆ ಹಿಡಿಯುತ್ತೇನೆ. ಸೊಸೆ ಮೊದಮೊದಲು ನಗುತ್ತಿದ್ದಳು. ಈಗ ಸಾಮಾನಿನ ಚೀಲವನ್ನು ನೇರವಾಗಿ ನನ್ನ ಮುಂದಿಟ್ಟು, "ಮಾವ, ನಿಮ್ಮ ಚೆಕ್‌ಪೋಸ್ಟ್ ಮುಗಿದ ಮೇಲೆ ಕರೀರಿ" ಎಂದು ಒಳಗೆ ಹೋಗುತ್ತಾಳೆ.

ಮೊನ್ನೆ ಕೆಮ್ಮಿಗೆಂದು ಅವಳು ಒಂದು ಬಾಟ್ಲಿ ಜೇನು ತಂದಿದ್ದಳು. ಎರಡು ವಾರದಲ್ಲಿ ಅದರ ತಳದಲ್ಲಿ ಬೆಳ್ಳಗೆ ರವೆಯಂಥದ್ದು ಕೂತಿತು. "ಸಕ್ಕರೆ ಪಾಕ ಕೊಟ್ಟಿದ್ದಾರೆ ಮಾವ, ಅಂಗಡಿಗೆ ಹೋಗಿ ಕೇಳಿ" ಎಂದು ಬಾಟ್ಲಿಯನ್ನು ನನ್ನ ಕೈಗೆ ಕೊಟ್ಟಳು. ಜಗಳಕ್ಕೆ ನನ್ನಂಥವನು ಇನ್ನೊಬ್ಬನಿಲ್ಲ ಎಂದು ಅವಳಿಗೆ ಗೊತ್ತು. ಆದರೆ ನಾನು ಅಂಗಡಿಗೆ ಹೋಗಲಿಲ್ಲ. ಬಾಟ್ಲಿಯನ್ನು ಹಿಡಿದುಕೊಂಡು ಚಾವಡಿಯಲ್ಲಿ ಕೂತೆ. ಅವಳು ಎರಡು ಸಲ ಬಂದು ನೋಡಿ, ಮಾವನಿಗೆ ಹುಷಾರಿಲ್ಲ ಎಂದುಕೊಂಡಳೋ ಏನೋ, ಕಾಫಿ ಇಟ್ಟು ಹೋದಳು.

ಈ ಸಂಶಯದ ಬುದ್ಧಿ ನನಗೆ ಮನೆತನದಿಂದ ಬಂದದ್ದು. ಅಮ್ಮ ಕರ್ಪೂರದ ಬಿಲ್ಲೆಗಳನ್ನು ಒಂದು ತಗಡಿನ ಡಬ್ಬಿಯಲ್ಲಿಡುತ್ತಿದ್ದರು. ತಿಂಗಳು ಕಳೆಯುವಾಗ ಬಿಲ್ಲೆಗಳು ಸಣ್ಣದಾಗುತ್ತಿದ್ದವು. ಅಪ್ಪ ಕದ್ದು ಎಲ್ಲಿಯೋ ಯಾವುದೋ ದೈವಕ್ಕೆ ಹರಕೆ ಒಪ್ಪಿಸುತ್ತಿದ್ದಾರೆ, ಅದನ್ನು ತನಗೆ ಹೇಳುತ್ತಿಲ್ಲ ಎಂದು ಅಮ್ಮನ ಗುಮಾನಿ. ಅಪ್ಪ ಪಾಪ, ಬೀಡಿ ಹಚ್ಚಲೂ ಬೆಂಕಿಪೊಟ್ಟಣ ಹುಡುಕುವ ಮನುಷ್ಯ. ಕರ್ಪೂರ ಕರಗದೆ, ಉರಿಯದೆ, ಸುಮ್ಮನೆ ಗಾಳಿಗೆ ಹಾರಿಹೋಗುತ್ತದೆ ಎಂದು ನಾನು ಏಳನೆಯ ತರಗತಿಯಲ್ಲಿ ಕಲಿತು ಬಂದು ಹೇಳಿದೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪ ನಿನಗೆ ಎಂತ ತೆಗೆದುಕೊಟ್ಟರು?" ಎಂದು ಕೇಳಿದರು.

ನಮ್ಮದು ಕಾಣಿಯೂರಿನ ಹತ್ತಿರ. ಈಗ ಅದು ಕಡಬ ತಾಲೂಕು, ಆಗ ಪುತ್ತೂರು. ಶಾಲೆಯಲ್ಲಿ ವಿಜ್ಞಾನ ಕಲಿಸಲು ಭಟ್ಟ ಮಾಷ್ಟ್ರು ಇದ್ದರು. ಪ್ರಯೋಗಶಾಲೆ ಎಂದರೆ ಅವರ ಬಟ್ಟೆಯ ಚೀಲ. ಅದರಿಂದ ಒಂದು ಕಲ್ಲು, ಒಂದು ಮೇಣದ ತುಂಡು, ಒಂದು ಪೊಟ್ಟಣ ಉಪ್ಪು, ಒಂದು ಕಬ್ಬಿಣದ ಮೊಳೆ ಹೊರಬರುತ್ತಿದ್ದವು. ಸ್ಥಳ ಹಿಡಿಯುವುದು, ತೂಕ ಇರುವುದು ಯಾವುದಿದ್ದರೂ ಅದು ದ್ರವ್ಯ ಎಂದು ಅವರು ಹೇಳಿದಾಗ ನಾನು ಎದ್ದು ನಿಂತು, "ಪ್ರೇತ ದ್ರವ್ಯವಾ ಸಾರ್?" ಎಂದು ಕೇಳಿದೆ. "ಸಿಕ್ಕಿದರೆ ತೂಗಿ ನೋಡು, ಮತ್ತೆ ನನಗೂ ಹೇಳು" ಎಂದರು. ಬಣ್ಣ, ವಾಸನೆ, ಗಡಸುತನ, ಕರಗುವುದು, ತೇಲುವುದು, ಇವೆಲ್ಲ ವಸ್ತುವಿನ ಗುಣಗಳು, ಗುಣ ನೋಡಿ ವಸ್ತುವನ್ನು ಗುರುತಿಸಬಹುದು ಎಂದು ಕಲಿಸಿದರು. ಅದು ನನಗೆ ಬಹಳ ಹಿಡಿಸಿತು. ಮನುಷ್ಯರನ್ನು ಗುರುತಿಸಲಿಕ್ಕೆ ಅಂಥ ಉಪಾಯ ಇಲ್ಲವಲ್ಲ ಎಂದು ಬೇಸರವೂ ಆಯಿತು.

ಒಂದು ದಿನ ಅವರು ಬಿಸಿನೀರಿಗೆ ಸಕ್ಕರೆ ಹಾಕಿದರು, ಕದಡಿದರು, ಇನ್ನೂ ಹಾಕಿದರು. ಮತ್ತೆ ಕರಗುವುದಿಲ್ಲ ಎಂದಾದಾಗ ಗ್ಲಾಸಿನೊಳಗೆ ಒಂದು ನೂಲು ಇಳಿಬಿಟ್ಟು ಕಿಟಕಿಯಲ್ಲಿಟ್ಟರು. ನಾಲ್ಕೈದು ದಿನಗಳಲ್ಲಿ ನೂಲಿನ ಸುತ್ತ ಹರಳುಗಳು ಬೆಳೆದವು. ಪಾಕ ತಣಿದಾಗ ಸಕ್ಕರೆ ಪುನಃ ಘನವಾಗಿ ಹೊರಗೆ ಬಂತು ಎಂದು ವಿವರಿಸಿದರು. ಮಾರನೆಯ ದಿನ ನೂಲು ಮಾತ್ರ ಉಳಿದಿತ್ತು. ಪ್ರಯೋಗವನ್ನು ಚೀಪಿದವರು ನಾಲ್ಕು ಜನ, ಅದರಲ್ಲಿ ನಾನೂ ಒಬ್ಬ. ಆ ದಿನ ಮಾಷ್ಟ್ರು ಇನ್ನೂ ಏನೋ ಹೇಳಿದರು. ಉಪ್ಪಿಗೂ ಹರಳು ಉಂಟು, ಪಟಿಕಕ್ಕೂ ಉಂಟು, ಒಂದು ಗುಣ ಕಂಡ ಕೂಡಲೇ ವಸ್ತು ಇದೇ ಎಂದು ನಿಶ್ಚಯಿಸಬಾರದು, ನಾಲ್ಕು ಗುಣ ನೋಡಬೇಕು ಎಂದು. ನನ್ನ ಬಾಯಿ ಸಿಹಿಯಾಗಿತ್ತು, ಕಿವಿ ಅಲ್ಲಿರಲಿಲ್ಲ. ನನ್ನ ವಿದ್ಯೆ ಅರ್ಧಕ್ಕೆ ನಿಂತ ಜಾಗ ಅದು.

ಎಸ್ಸೆಸ್ಸೆಲ್ಸಿ ಮುಗಿಸಿ ಪುತ್ತೂರಿನ ದರ್ಬೆಯ ಒಂದು ಜೇನು ಮಂಡಿಯಲ್ಲಿ ಕೆಲಸಕ್ಕೆ ಸೇರಿದೆ. ಎಪ್ಪತ್ತರ ದಶಕದ ಮಧ್ಯಭಾಗ. ಪುತ್ತೂರು, ಸುಳ್ಯದ ಊರುಗಳಲ್ಲಿ ಪೆಟ್ಟಿಗೆಯಲ್ಲಿ ಜೇನು ಸಾಕುವವರು ಡಬ್ಬಿಗಳಲ್ಲಿ ತಂದು ನಮ್ಮಲ್ಲಿ ಕೊಡುವುದು, ನಾವು ಸೋಸಿ ಬಾಟ್ಲಿಗೆ ತುಂಬಿ ಮಾರುವುದು. ಧನಿಗಳ ಹೆಸರು ವಿಠಲ ಶೆಟ್ರು. ಅವರಿಗೆ ನನ್ನ ಸಂಶಯದ ಬುದ್ಧಿ ಮೊದಲ ವಾರದಲ್ಲಿಯೇ ಇಷ್ಟವಾಯಿತು. "ಸಂಜೀವಾ, ನೀನು ಇನ್ನು ಲೆಕ್ಕ ಬರೆಯುದು ಬೇಡ, ಪರೀಕ್ಷೆಗೆ ಕೂತ್ಕೋ" ಎಂದರು.

ಹಾಗೆ ನಾನು ಜೇನಿನ ಪರೀಕ್ಷಕನಾದೆ. ಒಂದು ಹನಿಯನ್ನು ನೀರಿಗೆ ಬಿಟ್ಟು ಅದು ನೂಲಿನಂತೆ ತಳಕ್ಕೆ ಹೋಗುತ್ತದೋ ನೋಡುವುದು. ಒತ್ತುಕಾಗದದ ಮೇಲೆ ಬಿಟ್ಟು ಪಸೆ ಹರಡುತ್ತದೋ ನೋಡುವುದು. ಹತ್ತಿಯ ಬತ್ತಿಯನ್ನು ಅದ್ದಿ ಹಚ್ಚುವುದು, ಚಟಚಟ ಎಂದರೆ ನೀರು ಉಂಟು ಎಂದು ಅರ್ಥ. ಗಾಜಿನ ಮೀಟರನ್ನು ತೇಲಿಸಿ ಎಷ್ಟರವರೆಗೆ ಮುಳುಗಿತು ಎಂದು ಬರೆಯುವುದು. ಶುದ್ಧ ಜೇನನ್ನು ನಾಯಿ ಮೂಸುವುದಿಲ್ಲ ಎಂದು ಊರಿನಲ್ಲಿ ಒಂದು ಮಾತಿತ್ತು, ಅದಕ್ಕಾಗಿ ಧನಿಗಳು ಒಂದು ನಾಯಿಯನ್ನೂ ಸಾಕಿದ್ದರು. ಅದು ಶುದ್ಧವನ್ನೂ ನೆಕ್ಕುತ್ತಿತ್ತು, ಬೆರಕೆಯನ್ನೂ ನೆಕ್ಕುತ್ತಿತ್ತು, ಮೀಟರನ್ನೂ ನೆಕ್ಕುತ್ತಿತ್ತು. ಅದನ್ನು ಕೆಲಸದಿಂದ ತೆಗೆದುಹಾಕಿದೆವು. ನನ್ನನ್ನು ಇಟ್ಟುಕೊಂಡರು.

ಜೇನು ತರುವವರಲ್ಲಿ ಕುಶಾಲಪ್ಪ ಗೌಡರು ಎಂದು ಒಬ್ಬರಿದ್ದರು. ಸುಳ್ಯದಿಂದ ಆಚೆ ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಊರು. ಮನೆಯಲ್ಲಿ ಅರೆಭಾಷೆ, ನಮ್ಮೊಡನೆ ತುಳು, ಧನಿಗಳ ಮುಂದೆ ಮಾತ್ರ ನಿಧಾನದ ಕನ್ನಡ. ನಲವತ್ತೈದರ ಪ್ರಾಯ, ಕಡಿಮೆ ಮಾತು. ಅವರ ಊರಿನ ದೇವಸ್ಥಾನದಲ್ಲಿ ವರ್ಷಕ್ಕೊಮ್ಮೆ ಪಂಚಾಮೃತದ ಅಭಿಷೇಕ. ಅದಕ್ಕೆ ಬೇಕಾದ ಜೇನು ಮೂರು ತಲೆಮಾರಿನಿಂದ ಅವರ ಮನೆಯದ್ದೇ. ಪೆಟ್ಟಿಗೆ ಬರುವ ಮೊದಲು ಅವರ ಅಜ್ಜ ಮರದ ಪೊಟರೆಗೆ ಕೈಹಾಕಿ ತೆಗೆಯುತ್ತಿದ್ದರಂತೆ. ಆ ಒಂದು ಸೇವೆಯೇ ಊರಿನಲ್ಲಿ ಅವರ ಮನೆಯ ಗುರುತು. ಜಾಗ ಹೆಚ್ಚಿಲ್ಲ, ಹಿರಿತನ ಇಲ್ಲ, ಆದರೆ ಅಭಿಷೇಕದ ದಿನ ಹೆಸರು ಹಿಡಿದು ಮೊದಲು ಕರೆಯುವುದು ಅವರನ್ನು.

ಒಂದು ವರ್ಷ ಅವರು ಎಪ್ರಿಲಿನಲ್ಲಿ ಆರು ಡಬ್ಬಿ ಜೇನು ತಂದರು. ಯಾವಾಗಲಿಗಿಂತ ಬಣ್ಣ ಸ್ವಲ್ಪ ತಿಳಿ. ಹನಿ ಸರಿಯಾಗಿ ಮುಳುಗಿತು, ಬತ್ತಿ ಸರಿಯಾಗಿ ಉರಿಯಿತು, ಮೀಟರು ನಿಲ್ಲಬೇಕಾದಲ್ಲಿಯೇ ನಿಂತಿತು. ಪಾಸು ಮಾಡಿದೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಒಂದು ದಿನ ಡಬ್ಬಿಯ ಮುಚ್ಚಳ ತೆಗೆದರೆ ಅರ್ಧದವರೆಗೆ ಬೆಳ್ಳಗೆ ಗಟ್ಟಿಯಾಗಿದೆ. ಕೋಲು ಹಾಕಿದೆ, ಕೋಲು ನಿಂತಿತು. ಬೆರಳಿನಲ್ಲಿ ಉಜ್ಜಿದೆ, ಹರಳು ಹರಳು. ನನ್ನ ಕಣ್ಣ ಮುಂದೆ ಭಟ್ಟ ಮಾಷ್ಟ್ರ ಗ್ಲಾಸು, ಕಿಟಕಿ, ನೂಲು ಎಲ್ಲ ಬಂದವು. ಇಷ್ಟು ವರ್ಷಕ್ಕೆ ಒಮ್ಮೆ ಕಲಿತದ್ದು ಉಪಯೋಗಕ್ಕೆ ಬಂತು ಎಂದು ನನಗೆ ಖುಷಿಯೇ ಆಯಿತು ಎನ್ನಬೇಕು.

"ಸಕ್ಕರೆ ಪಾಕ ಧನಿಗಳೇ" ಎಂದೆ. "ಪಾಕ ತಣಿದ್ರೆ ಹೀಗೆಯೇ ಆಗುದು. ನಾವು ಶಾಲೆಯಲ್ಲಿ ಮಾಡಿ ನೋಡಿದ್ದೇವೆ."

ಧನಿಗಳು ಡಬ್ಬಿಯೊಳಗೆ ಬಗ್ಗಿ ನೋಡಿದರು. "ಗೌಡ್ರು ಹಾಗೆ ಮಾಡುವ ಜನ ಅಲ್ಲ ಮಾರಾಯ."

"ಮಾಡುವ ಜನ ಹಾಗೆ ಕಾಣುದೇ ಇಲ್ಲ ಧನಿಗಳೇ."

ಈ ಮಾತನ್ನು ನಾನೇ ಆಡಿದ್ದು. ಅದು ಎಷ್ಟು ಚಂದದ ಮಾತು ಎಂದು ಆಗ ಅನಿಸಿದ್ದು ಕೂಡ ನೆನಪುಂಟು.

ಮಾರನೆಯ ದಿನ ಪತ್ತೇದಾರನಂತೆ ಸುಳ್ಯದ ಬಸ್ಸು ಹತ್ತಿದೆ. ಪೇಟೆಯ ಒಂದು ದಿನಸಿ ಅಂಗಡಿಯಲ್ಲಿ ಸುಮ್ಮನೆ ಬೆಲ್ಲದ ಕ್ರಯ ಕೇಳಿ, ಮತ್ತೆ ಮೆಲ್ಲನೆ ಗೌಡರ ವಿಷಯ ತೆಗೆದೆ. "ಕುಶಾಲಪ್ಪ ಗೌಡ್ರಾ? ಅವರು ನಮ್ಮ ಗಿರಾಕಿಯೇ. ಮಳೆಗಾಲಕ್ಕೆ ಮೊದಲು ಸಕ್ಕರೆ ಜಾಸ್ತಿ ಕೊಂಡುಹೋಗ್ತಾರೆ" ಎಂದರು ಅಂಗಡಿಯವರು. ಅಲ್ಲಿಂದ ನೇರ ಅವರ ಊರಿಗೆ ಹೋದೆ.

ಮನೆಯ ಹಿಂದೆ ಮಾಡಿನ ಕೆಳಗೆ ಗೌಡರು ಕೂತಿದ್ದರು. ಮುಂದೆ ಒಂದು ಪಾತ್ರೆ ಸಕ್ಕರೆ ಪಾಕ. ಅದನ್ನು ತೆಂಗಿನ ಚಿಪ್ಪುಗಳಿಗೆ ಹೊಯ್ದು, ಮೇಲೆ ಒಂದೊಂದು ಹುಲ್ಲಿನ ಕಡ್ಡಿ ಇಟ್ಟು, ಜೇನು ಪೆಟ್ಟಿಗೆಯೊಳಗೆ ಇಡುತ್ತಿದ್ದರು. ನನ್ನನ್ನು ಕಂಡು ಅಡಗಿಸಲಿಲ್ಲ, ಏಳಲೂ ಇಲ್ಲ.

"ಬನ್ನಿ ಸಂಜೀವಣ್ಣ. ಎಂತ ಈ ಮಳೆಗೆ?"

"ಇದು ಎಂತ ಗೌಡ್ರೇ?"

"ಹುಳಕ್ಕೆ ಊಟ. ಮಳೆಗೆ ಅವು ಹೊರಗೆ ಹೋಗುದು ಹೇಗೆ? ಹೂವೂ ಇಲ್ಲ. ಈಗ ಕೊಡದಿದ್ರೆ ಸಾಯ್ತಾವೆ, ಇಲ್ಲದಿದ್ರೆ ಬಿಟ್ಟು ಹೋಗ್ತಾವೆ."

"ಮತ್ತೆ ಅದೇ ಅಲ್ವಾ ಜೇನಿಗೆ ಬರುದು?"

"ಇದನ್ನು ಅವು ಮಳೆಗಾಲದಲ್ಲೇ ತಿಂದು ಮುಗಿಸ್ತಾವೆ ಮಾರಾಯ್ರೆ. ನಾವು ತೆಗೆಯುದು ಮಾರ್ಚಿಯಲ್ಲಿ. ಮಾರ್ಚಿಯವರೆಗೆ ಈ ಚಿಪ್ಪಿನ ಪಾಕ ಉಳಿದೀತಾ?"

ಅಷ್ಟರಲ್ಲಿ ಅವರ ಹೆಂಡತಿ ಸೀತಮ್ಮ ಕಾಫಿ ತಂದರು. ಸಂಗತಿ ಅವರಿಗೆ ಅರ್ಥವಾಗಿತ್ತು. "ಅಭಿಷೇಕ ಆಗುವವರೆಗೆ ನಾವು ಈ ಮನೆಯಲ್ಲಿ ಹೊಸ ಜೇನಿನ ಬೆರಳು ಸಹ ನೆಕ್ಕುದಿಲ್ಲ. ಕೈ ತೊಳೆಯುದು. ಮಕ್ಕಳಿಗೂ ಕೊಡುದಿಲ್ಲ" ಎಂದರು. ಒಳ್ಳೆಯವನಾದರೆ ಅಲ್ಲಿಯೇ ತಲೆ ತಗ್ಗಿಸಬೇಕಿತ್ತು. ನನಗೆ ಅನಿಸಿದ್ದು ಬೇರೆ. ಇಷ್ಟು ಭಕ್ತಿ ಯಾಕೆ ಹೇಳಿಕೊಳ್ಳಬೇಕು, ಇದರ ಹಿಂದೆ ಏನೋ ಉಂಟು ಎಂದುಕೊಂಡೆ. ಕಾಫಿಯನ್ನೂ ನಾಲಗೆಯ ತುದಿಯಿಂದ ಪರೀಕ್ಷೆ ಮಾಡಿದೆ. ಅದಕ್ಕೆ ಸಕ್ಕರೆ ಹಾಕಿರಲಿಲ್ಲ, ಬೆಲ್ಲ ಹಾಕಿದ್ದರು. ಸಕ್ಕರೆ ಎಲ್ಲ ಹುಳಗಳಿಗೆ ಹೋಗಿತ್ತು.

ಆರು ಡಬ್ಬಿಗಳೂ ವಾಪಸು ಹೋದವು. ಬೆರಕೆಯ ಮಾತು ಅದಕ್ಕಿಂತ ಮೊದಲೇ ಊರು ಮುಟ್ಟಿತ್ತು. ದೀಪಾವಳಿಯ ಹೊತ್ತಿಗೆ ಆ ದೇವಸ್ಥಾನದ ಮೆನೇಜರ್ ರಾಯರು ಮಂಡಿಗೆ ಬಂದರು. ದೇವರ ತಲೆಗೆ ಹೊಯ್ಯುವ ವಸ್ತು, ಬಾಯಿಮಾತು ಸಾಲದು, ಬರೆದು ಕೊಡಿ ಎಂದರು. ಧನಿಗಳು ನನ್ನ ಕಡೆ ನೋಡಿದರು. "ಕುಶಾಲಪ್ಪ ಗೌಡರು ಕೊಟ್ಟ ಜೇನಿನಲ್ಲಿ ಸಕ್ಕರೆ ಬೆರಕೆಯಾಗಿರುವ ಸಂಶಯ ಇರುತ್ತದೆ" ಎಂದು ಬರೆದು, ನಾನೇ ಸಹಿ ಹಾಕಿ, ಮಂಡಿಯ ಮೊಹರು ಒತ್ತಿದೆ. ನನ್ನ ಅಕ್ಷರ ದುಂಡಗೆ ಚೆನ್ನಾಗಿತ್ತು.

ಇಲ್ಲಿಯವರೆಗಿನದ್ದು ತಪ್ಪು. ಇನ್ನು ಮುಂದಿನದ್ದನ್ನು ತಪ್ಪು ಎಂದರೆ ಸಾಲದು.

ಮರುವರ್ಷ ಫೆಬ್ರವರಿ ಮಾರ್ಚಿಯಲ್ಲಿ ನಾನು ಬೇರೆಯವರ ಪೆಟ್ಟಿಗೆ ನೋಡಲು ಸುಳ್ಯದ ಕಡೆಯ ಒಂದು ರಬ್ಬರ್ ತೋಟಕ್ಕೆ ಹೋಗಿದ್ದೆ. ಮರಗಳು ಹಳೆ ಎಲೆ ಉದುರಿಸಿ ಎಳೆ ಚಿಗುರು ಬಿಟ್ಟಿದ್ದವು. ಒಂದು ಹೂವೂ ಕಾಣುತ್ತಿಲ್ಲ, ಆದರೂ ತೋಟವೆಲ್ಲ ಹುಳಗಳ ಝೇಂಕಾರ. ಹತ್ತಿರ ಹೋಗಿ ನೋಡಿದರೆ ಅವು ಕೂರುತ್ತಿದ್ದದ್ದು ಚಿಗುರೆಲೆಯ ತೊಟ್ಟಿನಲ್ಲಿ. ಅಲ್ಲಿ ಸಣ್ಣ ಸಣ್ಣ ಹನಿ ಜಿನುಗುತ್ತಿತ್ತು. ಅಭ್ಯಾಸದಂತೆ ಬೆರಳಿಗೆ ತಾಗಿಸಿ ನೆಕ್ಕಿದೆ, ಸಿಹಿ. ಪೆಟ್ಟಿಗೆಯಿಂದ ಜೇನು ತುಂಬಿದ ಒಂದು ಎರಿಯನ್ನು ನನ್ನ ಕೈಯಾರೆ ತೆಗೆದು, ನನ್ನ ಕೈಯಾರೆ ಹಿಂಡಿ, ಒಂದು ಬಾಟ್ಲಿ ತುಂಬಿ ತಂದೆ. ತಿಳಿ ಬಣ್ಣದ ಜೇನು. ಐದು ವಾರದಲ್ಲಿ ಅದು ಬೆಳ್ಳಗೆ ಹರಳುಗಟ್ಟಿತು. ಬಾಟ್ಲಿಯನ್ನು ಬಿಸಿನೀರಿನಲ್ಲಿಟ್ಟೆ, ತಿಳಿಯಾಯಿತು. ಹೊರಗಿಟ್ಟೆ, ಕೆಲವು ದಿನಕ್ಕೆ ಪುನಃ ಗಟ್ಟಿಯಾಯಿತು.

ಅದಕ್ಕೆ ನಾನು ಸಕ್ಕರೆ ಹಾಕಿರಲಿಲ್ಲ. ಹುಳಗಳೂ ಹಾಕಿರಲಿಲ್ಲ. ರಬ್ಬರಿನ ಜೇನಿನ ಗುಣವೇ ಅದು. ಕುಶಾಲಪ್ಪ ಗೌಡರ ಮನೆಯ ಎದುರಿನ ಗುಡ್ಡದಲ್ಲಿ ಹೊಸದಾಗಿ ರಬ್ಬರ್ ತೋಟ ಎದ್ದದ್ದನ್ನು ಮಳೆಯಲ್ಲಿ ಕೊಡೆ ಹಿಡಿದು ಹೋಗುವಾಗ ನಾನು ನೋಡಿಯೇ ಇದ್ದೆ. ಪತ್ತೇದಾರನಿಗೆ ಸಕ್ಕರೆ ಅಂಗಡಿ ಕಂಡಿತು, ಗುಡ್ಡ ಕಾಣಲಿಲ್ಲ.

ಆ ಬಾಟ್ಲಿಯನ್ನು ಧನಿಗಳಿಗೆ ತೋರಿಸಬೇಕಿತ್ತು. ತೋರಿಸಲಿಲ್ಲ. ಆಗಲೇ "ಸಂಜೀವನ ಕಣ್ಣು ತಪ್ಪಿಸಲಿಕ್ಕೆ ಸಾಧ್ಯ ಇಲ್ಲ" ಎಂದು ಧನಿಗಳು ಬಂದವರಿಗೆಲ್ಲ ಹೇಳುತ್ತಿದ್ದರು. ಸುಳ್ಯ, ಪುತ್ತೂರಿನ ಜೇನಿನವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯದವನಿಗೆ ಅದು ಜೇನಿಗಿಂತ ರುಚಿ. ಬಾಟ್ಲಿಯನ್ನು ಮನೆಗೆ ತಂದು ದೋಸೆಗೆ ಹಾಕಿಕೊಂಡು ತಿಂದು ಮುಗಿಸಿದೆ.

ಅಭಿಷೇಕಕ್ಕೆ ಎಂಟು ದಿನ ಇರುವಾಗ ಕುಶಾಲಪ್ಪ ಗೌಡರು ಮಂಡಿಗೆ ಬಂದರು. ಚೀಲದಿಂದ ಒಂದು ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟರು.

"ಸಂಜೀವಣ್ಣ, ಡಬ್ಬಿ ವಾಪಸು ಮಾಡಿದ್ದಕ್ಕೆ ನನಗೆ ಬೇಸರ ಇಲ್ಲ. ಅದು ನಿಮ್ಮ ವ್ಯಾಪಾರ. ದೇವಸ್ಥಾನದವರು ಹೇಳ್ತಾರೆ, ಮಂಡಿಯವರು ಸರಿ ಉಂಟು ಅಂತ ಒಂದು ಮಾತು ಹೇಳಿದ್ರೆ ಈ ಸಲವೂ ನಮ್ಮದೇ ತಗೊಳ್ತೇವೆ ಅಂತ. ನೀವು ಎಂತೆಂತ ಪರೀಕ್ಷೆ ಉಂಟೋ ಎಲ್ಲ ಮಾಡಿ."

ನಾನು ಬಾಟ್ಲಿಯ ಕಡೆ ನೋಡಲಿಲ್ಲ. "ಧನಿಗಳು ಮಂಗಳೂರಿಗೆ ಹೋಗಿದ್ದಾರೆ. ಇನ್ನೊಮ್ಮೆ ಬನ್ನಿ" ಎಂದೆ. ಒಳಗಿನ ಕೋಣೆಯಿಂದ ಧನಿಗಳು ಕೆಮ್ಮಿದ್ದು ಇಬ್ಬರಿಗೂ ಕೇಳಿತು.

ಗೌಡರು ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಆ ವರ್ಷದ ಅಭಿಷೇಕಕ್ಕೆ ಜೇನು ಹೋದದ್ದು ನಮ್ಮ ಮಂಡಿಯಿಂದ. ಹತ್ತು ಊರಿನ ಡಬ್ಬಿಗಳನ್ನು ಒಟ್ಟು ಹೊಯ್ದು ತುಂಬಿದ ಬಾಟ್ಲಿ. ಮುಚ್ಚಳ ಬಿಗಿದವನು ನಾನೇ.

ಕೆಲವು ವರ್ಷಗಳ ಮೇಲೆ ಜೇನು ಸಾಕಣೆ ಕಲಿಸುವ ಅಧಿಕಾರಿಯೊಬ್ಬರು ಮಂಡಿಗೆ ಬಂದಿದ್ದಾಗ, ರಬ್ಬರ್ ಜೇನು ಬೇಗ ಗಟ್ಟಿಯಾಗುವುದು ಸಹಜ ಎಂದು ಮಾತಿನ ನಡುವೆ ಹೇಳಿದರು. ಧನಿಗಳು ನನ್ನನ್ನು ನೋಡಿ, "ಹೌದಾ ಮಾರಾಯ? ನಮಗೆ ಗೊತ್ತೇ ಇರ್ಲಿಲ್ಲ ಅಲ್ವಾ?" ಎಂದರು. ನಾನು "ಗೊತ್ತಿರ್ಲಿಲ್ಲ" ಎಂದೆ. ಗೌಡರ ಹೆಸರು ಇಬ್ಬರೂ ಎತ್ತಲಿಲ್ಲ.

ಎಂಬತ್ತರ ದಶಕದ ಮಧ್ಯದಲ್ಲಿ ಮಂಡಿ ಬಿಟ್ಟು ದರ್ಬೆಯಲ್ಲಿಯೇ ಸಣ್ಣ ಅಂಗಡಿ ಹಾಕಿದೆ. ನನ್ನ ಬಾಯಿ ಕಟ್ಟಿದವರು ಎಂದುಕೊಂಡಿದ್ದ ಧನಿಗಳು ಎದುರಿಗೆ ಇಲ್ಲದಾಗ, ಅದನ್ನು ಕಟ್ಟಿದ್ದು ಅವರಲ್ಲ, ನಾನೇ ಎಂದು ತಿಳಿಯಿತು. ಒಂದು ಆದಿತ್ಯವಾರ ಅಂಗಡಿ ಮುಚ್ಚಿ ಗೌಡರ ಮನೆಗೆ ಹೋದೆ. ಪೆಟ್ಟಿಗೆಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಗೌಡರ ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ರಬ್ಬರ್ ತೋಟದ ಬಾಟ್ಲಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಳು ಬರಬಹುದು ಎಂದು ದಾರಿಯಲ್ಲಿ ಅಂದುಕೊಂಡಿದ್ದೆ, ಬರಲಿಲ್ಲ. ಬೆವರು ಮಾತ್ರ ಬಂತು.

"ನಿಮಗೆ ಗೊತ್ತುಂಟು ಅಂತ ನನಗೆ ಅವತ್ತೇ ಗೊತ್ತಾಗಿದೆ" ಎಂದರು ಗೌಡರು.

"ಹೇಗೆ?"

"ನೀವು ನಮ್ಮ ಮನೆಯ ಕಾಫಿಯನ್ನೂ ಪರೀಕ್ಷೆ ಮಾಡಿದ ಜನ. ಅವತ್ತು ನನ್ನ ಬಾಟ್ಲಿ ಮುಟ್ಲಿಲ್ಲ."

ಸೀತಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಇದನ್ನು ಇಲ್ಲಿ ಹೇಳಿ ಎಂತ ಪ್ರಯೋಜನ? ಸಂಶಯ ನಮಗೆ ಇರ್ಲಿಲ್ಲ" ಎಂದರು.

ಗೌಡರು ಎದ್ದು ಅಂಗಿ ಹಾಕಿಕೊಂಡರು. "ನಡೀರಿ, ದೇವಸ್ಥಾನದಲ್ಲಿ ಹೇಳುವ. ರಾಯರು ಈಗ ಇರ್ತಾರೆ."

ನಾನು ಬಂದದ್ದು ಕ್ಷಮೆ ಕೇಳಿ, ಕಾಫಿ ಕುಡಿದು, ಹಗುರಾಗಿ ಬಸ್ಸು ಹತ್ತಲಿಕ್ಕೆ. ನಡೆಯಬೇಕಾದೀತು ಎಂದು ಯೋಚಿಸಿರಲಿಲ್ಲ. ಆದರೂ ಹೋದೆ.

ಮೆನೇಜರ್ ರಾಯರು ಪೂರ್ತಿ ಕೇಳಿದರು. ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡು, "ಇಷ್ಟು ವರ್ಷ ಬಿಟ್ಟು ಈಗ ಯಾಕೆ?" ಎಂದರು.

"ಮನಸ್ಸಿಗೆ ಸಮಾಧಾನ ಇರ್ಲಿಲ್ಲ."

"ನೀವು ಈಗ ಮಂಡಿಯಲ್ಲಿ ಇಲ್ಲ ಅಲ್ವಾ?"

"ಇಲ್ಲ, ಬಿಟ್ಟಿದ್ದೇನೆ."

"ಬಿಟ್ಟದ್ದೋ, ಬಿಡಿಸಿದ್ದೋ?"

ಉತ್ತರಕ್ಕೆ ಕಾಯದೆ ರಾಯರು ಕಪಾಟಿನಿಂದ ಒಂದು ಫೈಲು ತೆಗೆದು ಹುಡುಕಿ, ನನ್ನ ಕಾಗದವನ್ನು ನನ್ನ ಮುಂದೆಯೇ ಇಟ್ಟರು. "ನಾವು ಜೇನು ತರಿಸುದು ಈಗಲೂ ಶೆಟ್ರ ಮಂಡಿಯಿಂದ. ಅವರ ಮೇಲೆ ನಿಮಗೆ ಎಂತಾದ್ರೂ ಸಿಟ್ಟು ಉಂಟೋ ಏನೋ, ನನಗೆ ಗೊತ್ತಿಲ್ಲ. ಇದು ನಿಮ್ಮದೇ ಅಕ್ಷರ. ಇದು ಸುಳ್ಳು ಅಂತ ನೀವೇ ಹೇಳ್ತೀರಿ. ಹಾಗಾದ್ರೆ ಇವತ್ತು ಹೇಳುದು ಸತ್ಯ ಅಂತ ನಾನು ಹೇಗೆ ತಿಳಿಯುದು?"

"ಬೇಕಾದ್ರೆ ಬರೆದು ಕೊಡ್ತೇನೆ."

"ಅದನ್ನೂ ನೀವೇ ಅಲ್ವಾ ಬರೆಯುದು?" ಎಂದು ಅವರು ಗೌಡರ ಕಡೆ ತಿರುಗಿದರು. "ಗೌಡ್ರೇ, ಇವರನ್ನು ಕರ್ಕೊಂಡು ಬಂದದ್ದು ನೀವಾ?"

"ಹೌದು, ನಾನೇ ಕರ್ಕೊಂಡು ಬಂದದ್ದು" ಎಂದರು ಗೌಡರು.

"ಅದೇ ಕೇಳಿದೆ" ಎಂದು ರಾಯರು ಫೈಲು ಮುಚ್ಚಿದರು. "ಸಮಿತಿಯಲ್ಲಿ ಇಡುವ, ನೋಡುವ." ಸಮಿತಿ ನೋಡಿತೋ ಇಲ್ಲವೋ, ಜೇನು ಮತ್ತೆ ಆ ಮನೆಯಿಂದ ಹೋಗಲಿಲ್ಲ ಎಂದು ಆಮೇಲೆ ಕೇಳಿದೆ.

ಹೊರಗೆ ಬಂದು ಮಾರ್ಗದವರೆಗೆ ಇಬ್ಬರೂ ನಡೆದೆವು. ಬಸ್ಸು ನಿಲ್ಲುವಲ್ಲಿಗೆ ತಲುಪಿದಾಗ ಗೌಡರು ಒಮ್ಮೆಲೇ ನಗಲು ಸುರು ಮಾಡಿದರು. ಅವರು ನಕ್ಕದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

"ನಿಮ್ಮನ್ನು ನೋಡಿದ್ರಲ್ಲ ರಾಯರು, ಪಾಕ ಬೆರೆಸಿದವನನ್ನು ನೋಡಿದ ಹಾಗೆ."

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬಿಸಿಲು ಜೋರಿತ್ತು, ನೆರಳು ಇರಲಿಲ್ಲ. ನೀವು ಹೋಗಿ ಗೌಡ್ರೇ ಎಂದು ಎರಡು ಸಲ ಹೇಳಿದೆ. ಅವರು ಕೊಡೆ ಬಿಡಿಸಿ ಅರ್ಧ ನನ್ನ ಕಡೆ ಹಿಡಿದರು.

"ನಿಲ್ತೇನೆ" ಎಂದರು. "ಈ ಊರಲ್ಲಿ ನೀವು ಒಬ್ಬರೇ ನಿಂತ್ರೆ, ಯಾರಿದು, ಎಂತಕ್ಕೆ ಬಂದದ್ದು ಅಂತ ಜನ ಸಂಶಯ ಮಾಡ್ತಾರೆ."